ಪುಟಾಣಿ ರೈಲಿನಲ್ಲಿ ಮಾಮಾ

ನಾಳೆ ಆಸ್ಪತ್ರೆಗೆ ಸೇರಬೇಕಾದವರು ಇವತ್ತಿನ ಮಧ್ಯಾಹ್ನವನ್ನು ಎಲ್ಲಿ ಕಳೆಯಬೇಕೆಂದು ಯಾವ ಡಾಕ್ಟರರೂ ಹೇಳುವುದಿಲ್ಲ. ಏನು ತಿನ್ನಬಾರದು ಎಂಬುದನ್ನಷ್ಟೇ ಹೇಳುತ್ತಾರೆ. ಹೀಗಾಗಿ ನಾವು ಹುಬ್ಬಳ್ಳಿಯ ಗಾಜಿನ ಮನೆಯ ತೋಟಕ್ಕೆ ಹೋದೆವು.

ನಾವೆಂದರೆ ನಾನು, ನನ್ನ ಅಕ್ಕ, ಅವಳ ಗಂಡ ಗಂಗಾಧರ ಮಾಮಾ ಮತ್ತು ಅವರ ಪುಟ್ಟ ಮೊಮ್ಮಗಳು ಚಿನ್ನು. ಮಾಮಾ ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಈಗ ಗಂಟಲಿನಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿದೀತು, ದನಿ ಉಳಿಯದು ಎಂದಿದ್ದರು ಡಾಕ್ಟರು.

ಇಂಥ ತೋಟಗಳಲ್ಲಿ ಅಳುಮೋರೆಯವರಿಗೆಂದು ಬೇರೆ ಬೆಂಚು ಇರುವುದಿಲ್ಲ. ಐಸ್‌ಕ್ರೀಮ್ ಚೀಪುವವರ ನಡುವೆಯೇ ಕೂತೆವು. ಸೂಕ್ಷ್ಮ ಗಿಡಗಳಿಗೆ ಹೊರಗಿನ ಗಾಳಿ ತಾಗದಿರಲೆಂದು ಗಾಜಿನ ಮನೆ ಕಟ್ಟುವ ರೂಢಿ ಶುರುವಾಯಿತು ಎಂದು ನಾನು ಮಾಮಾನಿಗೆ ವಿವರಿಸತೊಡಗಿದೆ. ಕಷ್ಟ ಬಂದಾಗ ಉಪನ್ಯಾಸ ಕೊಡುವುದು ನನ್ನ ಚಟ. ಅಕ್ಕ ತೋಳು ಚಿವುಟಿದಳು.

“ಅವ್ರು ಮಾತಾಡ್ಲಿ ಬಿಡೋ. ನೀ ಮುಂದಿನ ವಾರಾನೂ ಮಾತಾಡಬಹುದು.”

ಆದರೆ ಮಾಮಾ ಮಾತಾಡಲಿಲ್ಲ. ಏನಾದರೂ ಹೇಳಲೆಂದು ನಾವು ಅವರ ಮುಖ ನೋಡಿದಷ್ಟೂ ಅವರು ಕಾರಂಜಿ ನೋಡಿದರು. ಕೊನೆಯ ಮಾತುಗಳು ಭಾರಿಯಾಗಿರಬೇಕೆಂಬ ನಮ್ಮ ಆಸೆಯೇ ಅವರ ಬಾಯಿ ಕಟ್ಟಿತ್ತೇನೋ.

ತೋಟದೊಳಗಿನ ಪುಟಾಣಿ ರೈಲು ಹತ್ತಿದಾಗ ಚಿನ್ನು ಕೇಳಿದಳು, “ಅಜ್ಜಾ, ಇದು ಎಲ್ಲಿಗೆ ಹೋಗತೈತಿ?”

ಮಾಮಾ ಕೆಮ್ಮಿದರು. ಆಮೇಲೆ ಒಡೆದ ದನಿಯಲ್ಲಿ ಕೂಗಿದರು: “ನವನಗರ, ರಾಯಾಪುರ, ಸತ್ತೂರ, ಧಾರವಾಡ! ಒಳಗ ಸರೀರಿ, ಹಿಂದ ಜಾಗಾ ಐತಿ!”

ಡಬ್ಬಿಯೆಲ್ಲ ನಕ್ಕಿತು. ಹಿಂದಿನಿಂದ ಯಾರೋ ಹೆಂಗಸು, “ನನ್ನ ನವನಗರದಾಗ ಇಳಸ್ರೀ ಕಾಕಾ!” ಎಂದಳು.

“ಬಾಗಲಕ್ಕ ಬಂದು ನಿಲ್ರಿ, ಅಕ್ಕಾರ!”

ರೈಲು ತೋಟ ಸುತ್ತಿ ಹತ್ತಿದಲ್ಲಿಗೇ ಬರುವವರೆಗೂ ಮಾಮಾ ಕೂಗುತ್ತಲೇ ಇದ್ದರು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಗಿಡಗಳ ಕಡೆ ತಿರುಗಿದ್ದಳು.

ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಹೇಳಿದ ಎರಡೂ ಮಾತು ನಿಜವಾದವು. ಮಾಮಾ ಈಗ ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ. ಅಂದು ರೈಲಿನಲ್ಲಿ ನಾನು ರಾಶಿ ಫೋಟೊ ತೆಗೆದಿದ್ದೆ. ಅದೇ ಫೋನಿನಲ್ಲಿ ದನಿಯನ್ನೂ ಹಿಡಿದಿಡಬಹುದೆಂದು ಈ ಉಪನ್ಯಾಸಕನಿಗೆ ಹೊಳೆಯಲೇ ಇಲ್ಲ. ಎಲ್ಲ ಫೋಟೊಗಳಲ್ಲೂ ಮಾಮಾನ ಬಾಯಿ ತೆರೆದಿದೆ.

ಮೊನ್ನೆ ಚಿನ್ನು ಅವುಗಳಲ್ಲೊಂದನ್ನು ನೋಡಿ, “ಇದರಾಗ ಅಜ್ಜ ಸತ್ತೂರ ಅನ್ನಾಕತ್ತಾನ,” ಎಂದಳು.

ಮಾಮಾ ಕನ್ನಡಕ ಏರಿಸಿ ನೋಡಿದರು. ಅಲ್ಲವೆಂದು ತಲೆಯಾಡಿಸಿ, ಬಾಯಿ ಅಗಲಿಸಿ, ಸದ್ದಿಲ್ಲದೆ ಹೇಳಿ ತೋರಿಸಿದರು. ನಾನು ಫೋಟೊ ಹತ್ತಿರ ಹಿಡಿದು ನೋಡಿದೆ. ಹೌದು, ರಾಯಾಪುರವೇ.