ಎಲ್ಮೀರ್ ಅತ್ತೆಯ ಗಂಬೋ ಬಣ್ಣ

ಬಾಯೂ ಟೆಶ್ ಹೊಳೆದಂಡೆಯ ನಮ್ಮ ಕೇರಿಯಲ್ಲಿ ಎಲ್ಮೀರ್ ಎಲ್ಲರಿಗೂ ಅತ್ತೆ. ಅವಳ ಹೋಟೆಲಿನಲ್ಲಿ ಶನಿವಾರ ಅಕಾರ್ಡಿಯನ್ ನುಡಿಯುತ್ತದೆ, ಮುದುಕರು ಫ್ರೆಂಚಿನಲ್ಲೇ ಜಗಳಾಡುತ್ತಾರೆ, ದೊಡ್ಡ ಪಾತ್ರೆಯಲ್ಲಿ ಗಂಬೋ ಎಂಬ ಗಟ್ಟಿ ಸಾರು ಕುದಿಯುತ್ತದೆ. ಬಡಿಸುವವಳು ನಾನು. ನನ್ನ ಬಾಯಿ ಜೋರು ಅನ್ನುತ್ತಾರೆ, ಅನ್ನಲಿ.

ಗಂಬೋಗೆ ರೂ ಅನ್ನುವ ಹುರಿದ ಹಿಟ್ಟೇ ಜೀವಾಳ. ಎಣ್ಣೆಯಲ್ಲಿ ಹಿಟ್ಟು ಹುರಿಯುತ್ತ ನಿಂತ ಮೇಲೆ ಮನೆಗೆ ಬೆಂಕಿ ಬಿದ್ದರೂ ಸೌಟು ಬಿಡಬಾರದು. ಅತ್ತೆಗೆ ಅದು ಕಾಫಿ ಬೀಜದ ಬಣ್ಣಕ್ಕೇ ಬರಬೇಕು, ಅವಳ ತಾಯಿ ಮಾಡುತ್ತಿದ್ದ ಹಾಗೆ. ಅವಳ ಮೈದುನ ಆಲ್ಸೀಗೆ ಶೇಂಗಾ ಬಣ್ಣವೇ ಸರಿ. ಈ ವಿಷಯದಲ್ಲಿ ಇಬ್ಬರೂ ಹಾವು ಮುಂಗುಸಿ. "ಇದು ಗಂಬೋನಾ, ರಸ್ತೆಗೆ ಹಾಕೋ ಡಾಂಬರಾ?" ಎಂದು ಆಲ್ಸೀ ಪ್ರತಿ ಶನಿವಾರ ಕೇಳಿ, ಎರಡು ಬಟ್ಟಲು ಖಾಲಿ ಮಾಡುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅತ್ತೆಯ ಕಣ್ಣು ಮಂಜಾಯಿತು. ಇನ್ನು ಸರಿಹೋಗದು ಎಂದರು ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಒಂದು ಶನಿವಾರ ರೂ ಸೀದುಹೋಯಿತು. ಸೀದದ್ದನ್ನು ಚೆಲ್ಲಿ ಹೊಸದಾಗಿ ಶುರುಮಾಡಬೇಕು. ಆದರೆ ಅವಳಿಗೆ ಬಣ್ಣ ಕಾಣಲಿಲ್ಲ, ನೆಗಡಿಯಿಂದ ಮೂಗೂ ಕಟ್ಟಿತ್ತು. ಆ ಕಹಿಯನ್ನು ಎಲ್ಲರೂ ತಲೆ ತಗ್ಗಿಸಿ ತಿಂದರು. ಆಲ್ಸೀ ಕೂಡ ತುಟಿಪಿಟಕ್ಕೆನ್ನಲಿಲ್ಲ. ಅವನು ಬೈಯದಿದ್ದದ್ದರಿಂದಲೇ ಅವಳಿಗೆ ಅನುಮಾನ ಬಂತು.

"ಯಾಕೋ ಆಲ್ಸೀ, ಇವತ್ತು ಬಾಯಿ ಬಿದ್ದುಹೋಯ್ತಾ?" ಎಂದಳು. ಅವನು ಇನ್ನೊಂದು ಚಮಚ ಬಾಯಿಗಿಟ್ಟ. ಅವಳು ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೇ."

"ಸೀದಿದೆ, ಅತ್ತೆ," ಎಂದೆ.

ಅವಳು ಏಪ್ರನ್ ಬಿಚ್ಚಿದಳು. "ಮುಗೀತು ಬಿಡ್ರಪ್ಪ. ಬಣ್ಣ ಕಾಣದೋಳಿಗೆ ಹೋಟೆಲ್ ಯಾಕೆ?"

ವಾರವೆಲ್ಲ ಬಾಗಿಲು ಮುಚ್ಚಿತ್ತು. ಶನಿವಾರ ಬೆಳಿಗ್ಗೆ ಆಲ್ಸೀ ಅವಳ ಕೈಹಿಡಿದು ತಂದು ಒಲೆಯ ಮುಂದೆ ನಿಲ್ಲಿಸಿದ. "ಕೈ ನಿಂದು, ಕಣ್ಣು ನಂದು. ತಿರುವು ಅತ್ತಿಗೆ."

"ನಿನ್ನ ಕಣ್ಣಾ? ಶೇಂಗಾ ಬಣ್ಣಕ್ಕೇ ಇಳಿಸಿಬಿಡ್ತೀಯ. ನಂಗೊತ್ತಿಲ್ವಾ!"

ನನಗೂ ಅದೇ ಅನುಮಾನ. ಹಿಟ್ಟು ಶೇಂಗಾ ಬಣ್ಣಕ್ಕೆ ಬಂತು. ಆಲ್ಸೀ ಬೆವರು ಒರೆಸಿಕೊಂಡ. "ತಿರುವು," ಎಂದ. ಇಟ್ಟಿಗೆ ಬಣ್ಣವಾಯಿತು. "ಇನ್ನೂ ತಿರುವು." ಕಾಫಿ ಬೀಜದ ಬಣ್ಣ ಬಂದದ್ದೇ ತಡ, "ಈರುಳ್ಳಿ ಹಾಕು!" ಎಂದು ಕೂಗಿದ. ಈರುಳ್ಳಿ ಬಿದ್ದರೆ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಆ ಮುದುಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ.

ಗಂಬೋ ಬೆಂದ ಮೇಲೆ ಅತ್ತೆ ರುಚಿ ನೋಡಿದಳು. "ನಮ್ಮವ್ವನ ಕೈರುಚಿ ಕಣೋ. ನಿನಗೆ ಬೇಕಾದಲ್ಲಿ ನಿಲ್ಲಿಸಿದ್ರೆ ನಂಗೇನು ಕಾಣ್ತಿತ್ತು?"

"ಅಣ್ಣ ಸತ್ತ ಮೇಲೆ ಇಷ್ಟು ವರ್ಷ ನನ್ನ ಕೂರಿಸಿ ಉಣ್ಣಿಸಿದೋಳು ನೀನು," ಎಂದ ಆಲ್ಸೀ. "ನನ್ನ ನಾಲಿಗೆಗೆ ಹಿಡಿಸದಿದ್ರೇನು, ನನ್ನ ಮನೆ ಊಟ ಇದೇ."

ಅತ್ತೆ ಅವನ ಭುಜದ ಮೇಲೆ ಕೈಯಿಟ್ಟಳು. ಆಮೇಲೆ ನನ್ನನ್ನು ಗದರಿದಳು: "ಏನೇ ನೋಡ್ತಾ ನಿಂತೆ? ಜನ ಕಾಯ್ತಿದ್ದಾರೆ, ಬಾಗಿಲು ತೆಗಿ!"