ಫೋನು ಬಂದರೆ ನಿಲ್ಲುವ ಮೋಟಾರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಮರಾಜನಗರದ ಇಕ್ಕಟ್ಟಿನ ಗಲ್ಲಿಯೊಂದರ ಮನೆ ಹಿಂದೆ, ಶೀಟು ಹೊದಿಸಿದ ಷೆಡ್ಡಿನಲ್ಲಿ ಮೋಟಾರು ಗುರ್ರೆನ್ನುತ್ತಿದೆ. ಕುದಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡುಗಳು ಬೇಯುತ್ತಿವೆ. ಅಜೀಜಾ ಅದರೊಳಗೆ ಬೆರಳಾಡಿಸಿ ಎಳೆ ಹಿಡಿದು ರಾಟೆಗೆ ಕೊಡುತ್ತಿದ್ದಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಮಗಳ ಫೋನಿನ ಸದ್ದು. ಅಜೀಜಾ ಥಟ್ಟನೆ ಸ್ವಿಚ್ ಆರಿಸುತ್ತಾರೆ. ಓಡುತ್ತಿದ್ದ ಎಳೆಗಳು ತುಂಡಾಗಿ ನೀರಿಗೆ ಬೀಳುತ್ತವೆ.

"ಗೇಟ್ ಬುಟ್ರು ಕಣಕ್ಕ, ಒಂಟೊ," ಎನ್ನುತ್ತಾನೆ ಫೋನಿನಲ್ಲಿ ಹರವೆಯ ಡ್ರೈವರ್ ದಿಲೀಪ್. ಗುಂಡ್ಲುಪೇಟೆ ದಾಟಿ ಬಂಡೀಪುರ ಕಾಡಿನ ಗೇಟಿನ ಮುಂದೆ ಅವನ ಗಾಡಿ ನಿಂತಿತ್ತು. ರಾತ್ರಿ ಮುಚ್ಚಿದ ಗೇಟು ತೆರೆಯುವುದು ಬೆಳಿಗ್ಗೆ ಆರಕ್ಕೆ. ಗಾಡಿಯಲ್ಲಿರುವವರು ಗಾಲ್ಫ್ ಆಡಲು ಊಟಿಗೆ ಹೊರಟವರು. ಇವತ್ತು ಊಟಿ, ನಾಳೆ ವೆಲ್ಲಿಂಗ್ಟನ್, ನಾಡಿದ್ದು ಕೊಯಮತ್ತೂರು. ಎಲ್ಲಿ ಆಟ, ಎಲ್ಲಿ ಊಟ, ಯಾವ ಘಾಟಿಯಲ್ಲಿ ಹತ್ತಬೇಕು, ಯಾವುದರಲ್ಲಿ ಇಳಿಯಬೇಕು ಎಂಬುದನ್ನೆಲ್ಲ ಹೊಂದಿಸುವವಳು ಒಲೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಅಜೀಜಾರ ಮಗಳು, ಈ ಸಿಮ್ರಾನ್.

ಅವಳು ಇವತ್ತಿನವರೆಗೂ ಒಂದು ಗಾಲ್ಫ್ ಮೈದಾನವನ್ನೂ ಕಣ್ಣಾರೆ ಕಂಡಿಲ್ಲ. ಮೈಸೂರಿನ ಟ್ರಾವೆಲ್ಸ್ ಒಂದರಲ್ಲಿ ಕೆಲಸಕ್ಕಿದ್ದಳು. ಅದು ಬಾಗಿಲು ಹಾಕಿದ ಮೇಲೂ ಹಳೆಯ ಗಿರಾಕಿಗಳು ಅವಳ ನಂಬರಿಗೇ ಫೋನ್ ಮಾಡಿದರು, ಒಬ್ಬರಿಂದ ಇನ್ನೊಬ್ಬರಿಗೆ ಹೆಸರು ಹೋಯಿತು. ಮೊದಲ ಸಲ ನಾಲ್ಕು ಜನಕ್ಕೆ ಒಂದು ಸಣ್ಣ ಕಾರು ಕಳಿಸಿ ಪೇಚಿಗೆ ಸಿಕ್ಕಿದ್ದಳು. "ಬ್ಯಾಗ್ ಅಂದ್ರೆ ಕ್ರಿಕೆಟ್ ಕಿಟ್ ಥರ ಇರುತ್ತೆ ಅಂದ್ಕೊಂಡಿದ್ದೆ. ಒಂದೊಂದು ಆಳುದ್ದ! ಅವತ್ತು ದಿಲೀಪಣ್ಣ ಬ್ಯಾಗುಗಳನ್ನ ಟಾಪಿನ ಮೇಲೆ ಹಗ್ಗದಲ್ಲಿ ಕಟ್ಟಿ ಮರ್ಯಾದೆ ಉಳಿಸಿದ್ರು," ಎಂದು ನಗುತ್ತಾಳೆ. ನೀಲಗಿರಿಗೆ ಹೋಗುವ ಗಾಡಿಗೆ ಇ-ಪಾಸ್ ಮಾಡಿಸುವುದು, ಅಲ್ಲಿ ನಿಷೇಧವಿರುವ ಪ್ಲಾಸ್ಟಿಕ್ ಬಾಟಲಿಗಳನ್ನು ಮೊದಲೇ ಇಳಿಸಲು ಹೇಳುವುದು, ಆಟ ಮುಗಿಸಿ ಹರಟುತ್ತ ಕೂತವರನ್ನು ಕಾಡಿನ ಗೇಟು ಮುಚ್ಚುವ ಮೊದಲು ಎಬ್ಬಿಸುವುದು, ಎಲ್ಲವೂ ಫೋನಿನಲ್ಲೇ. ಗಿರಾಕಿಗಳಿಗೆ ಅವಳೊಂದು ಧ್ವನಿ ಮಾತ್ರ. ಆ ಧ್ವನಿಯ ಹಿಂದೆ ಎಸಿ ಇರುವ ಆಫೀಸು ಇದೆಯೆಂದು ಅವರು ತಿಳಿದಿದ್ದರು. ಇಲ್ಲ ಎನ್ನುವುದಕ್ಕೆ ಅವಳಿಗೂ ಮನಸ್ಸಿರಲಿಲ್ಲ.

ತಪ್ಪಾದದ್ದು ಅಲ್ಲೇ. ಮೈಸೂರಿನ ಶಶಿರೇಖಾ ಮೇಡಂ, ಬ್ಯಾಂಕಿನಿಂದ ನಿವೃತ್ತರಾದವರು, ಗೆಳತಿಯರ ಗುಂಪು ಕಟ್ಟಿಕೊಂಡು ಗಾಲ್ಫಿಗೆ ಹೋಗುವವರು. ಒಂದು ದಿನ ಅವರು ಫೋನಿನಲ್ಲಿರುವಾಗ ಹಿಂದೆ ಮೋಟಾರು ಗರಗರ ಅಂದಿತು, ಜೊತೆಗೆ "ಬೇಟಾ, ಚಾಯ್" ಎಂಬ ಕೂಗು. "ಏನಮ್ಮ ಅದು ಸದ್ದು? ಯಾರದು?" ಎಂದರು ಮೇಡಂ. ಸಿಮ್ರಾನ್ ಬಾಯಿಂದ ಉತ್ತರ ಸರಾಗವಾಗಿ ಬಂತು: "ಏನಿಲ್ಲ ಮೇಡಂ, ಕೆಲಸದವಳು."

ತಿರುಗಿದರೆ ಬಾಗಿಲಲ್ಲಿ ಅಮ್ಮಿ. ಕೈಯಲ್ಲಿ ಚಹಾದ ಲೋಟ. ಅಜೀಜಾ ಲೋಟ ಇಟ್ಟು ಷೆಡ್ಡಿಗೆ ಹೋದರು. ಅವತ್ತಿನಿಂದ ಫೋನು ಬಂದಾಗಲೆಲ್ಲ ಮೋಟಾರು ನಿಲ್ಲುತ್ತದೆ. ಮಾತು ಮುಗಿದ ಮೇಲೆ ಅಜೀಜಾ ಮತ್ತೆ ಸುಡುನೀರಿಗೆ ಕೈಹಾಕಿ, ತುಂಡಾದ ಎಳೆಗಳನ್ನು ಒಂದೊಂದಾಗಿ ಹುಡುಕಬೇಕು. ಅವರ ಬೆರಳ ತುದಿಗಳು ಬೆಂದು ಬೆಂದು ಬಿಳಿಚಿವೆ. "ಬೇಡ ಅಮ್ಮಿ ಅಂತೀನಿ. ಕೇಳಿಸದವರ ಹಾಗೆ ಇರ್ತಾರೆ," ಎನ್ನುವ ಸಿಮ್ರಾನ್ ಆ ಬೆರಳುಗಳ ಕಡೆ ನೋಡುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಶಶಿರೇಖಾ ಮೇಡಂ ಗುಂಪು ಕೊಯಮತ್ತೂರಿನಲ್ಲಿ ಆಟ ಮುಗಿಸಿ, ದಿಂಬಂ ಘಾಟಿ ಹತ್ತಿ ಚಾಮರಾಜನಗರದ ಮೇಲೆ ವಾಪಸಾಗುತ್ತಿತ್ತು. ತಿರುವುಗಳಲ್ಲಿ ಮೇಡಂಗೆ ವಾಂತಿ ಹಿಡಿದು ಜೀವ ಹೈರಾಣಾಗಿತ್ತು. ದಿಲೀಪ್‌ಗೆ ಈ ಆಫೀಸಿನ ನಾಟಕ ಏನು ಗೊತ್ತು? "ನಮ್ಮ ಸಿಮ್ರಾನಕ್ಕನ ಮನೆ ಇಲ್ಲೇ ಅದೆ, ಒಂದ್ ಗಳಿಗೆ ಮನಿಕೊಳಿ," ಎಂದು ಗಾಡಿಯನ್ನು ಸೀದಾ ಗಲ್ಲಿಯ ಬಾಯಿಗೆ ತಂದು ನಿಲ್ಲಿಸಿದ.

ಮನೆ ತುಂಬ ಬೆಂದ ಹುಳುವಿನ ವಾಸನೆ. ಸಿಮ್ರಾನ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಜೀಜಾ ಮಾತ್ರ ಲಗುಬಗೆಯಿಂದ ಮಂಚದ ಮೇಲೆ ಒಗೆದ ದುಪ್ಪಟಿ ಹಾಸಿದರು, ಕಾಲೊರೆಸಲು ಬಟ್ಟೆ ತಂದರು, ನಿಂಬೆ ಶರಬತ್ತು ಮಾಡಿ ಗುಟುಕು ಗುಟುಕಾಗಿ ಕುಡಿಸಿದರು. ಜೀವ ಬಂದಂತಾದ ಮೇಡಂ ಅವರ ಕೈ ಹಿಡಿದು ಕೇಳಿದರು: "ನೀವು ಸಿಮ್ರಾನ್‌ಗೆ ಏನಾಗಬೇಕು?"

ಅಜೀಜಾ ಒಮ್ಮೆ ಮಗಳ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ನಾನು ಇಲ್ಲಿ ಕೆಲಸದವಳು ಮೇಡಂ."

ಸಿಮ್ರಾನ್ ಅಲ್ಲೇ ನಿಂತಿದ್ದಳು. ಅಲ್ಲ, ನನ್ನ ಅಮ್ಮಿ ಎನ್ನಲು ಒಂದು ಉಸಿರು ಸಾಕಿತ್ತು. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಹೊರಡುವಾಗ ಮೇಡಂ ಒಂದು ನೋಟು ಮಡಿಸಿ ಅಜೀಜಾ ಕೈಗಿಟ್ಟರು, ಅಜೀಜಾ ಅದನ್ನು ಕಣ್ಣಿಗೊತ್ತಿಕೊಂಡರು. ಗಾಡಿ ಹೋದ ಮೇಲೆ ಸಿಮ್ರಾನ್ ಅಳುತ್ತ ಯಾಕೆ ಹಾಗಂದೆ ಎಂದು ಕೇಳಿದ್ದಕ್ಕೆ ಅಮ್ಮಿಯ ಉತ್ತರ ಇಷ್ಟೇ: "ನೀನೇ ತಾನೆ ಹೇಳಿದ್ದು? ನಿನ್ನ ಮಾತು ಸುಳ್ಳಾದರೆ ನಾಳೆ ನಿನ್ನ ಹತ್ತಿರ ಯಾರು ಗಾಡಿ ಕೇಳ್ತಾರೆ?"

"ಆ ಮಾತು ನೆನಪಾದ್ರೆ ಈಗಲೂ ಅನ್ನ ಗಂಟಲಲ್ಲಿ ಇಳಿಯಲ್ಲ," ಎನ್ನುತ್ತಾಳೆ ಸಿಮ್ರಾನ್. ಪತ್ರಿಕೆಯವರಾದ ನಾವು ಬರುತ್ತೇವೆ ಎಂದಾಗ ಅವಳು ಬೇಡವೆಂದಿದ್ದಳು. ಆಮೇಲೆ ತಾನೇ ಕರೆದಳು. ಶಶಿರೇಖಾ ಮೇಡಂ ಪ್ರತಿ ಭಾನುವಾರ ಕನ್ನಡ ಪತ್ರಿಕೆ ಓದುತ್ತಾರಂತೆ. "ನನ್ನ ವಿಷಯ ಏನಾದ್ರೂ ಬರ್ಕೊಳಿ. ಅಮ್ಮಿ ಫೋಟೊ ಹಾಕಿ, ಕೆಳಗೆ ಇವರು ನನ್ನ ತಾಯಿ ಅಂತ ಹಾಕಿ."

ಷೆಡ್ಡಿನಿಂದ ಅಜೀಜಾ ಗದರುತ್ತಾರೆ: "ಹಾಕಬೇಡಿ ಸಾರ್. ಇವಳಿಗೆ ಬುದ್ಧಿ ಇಲ್ಲ. ಹುಳು ಬೇಯಿಸೋ ಮನೆ ಅಂತ ಗೊತ್ತಾದ್ರೆ ದೊಡ್ಡ ಜನ ಬರ್ತಾರಾ?"

ಅಷ್ಟರಲ್ಲಿ ಮತ್ತೆ ಫೋನು. ಪರದೆಯ ಮೇಲೆ ಶಶಿರೇಖಾ ಮೇಡಂ ಹೆಸರು. ಅಜೀಜಾ ಕೈ ಅಭ್ಯಾಸದಂತೆ ಸ್ವಿಚ್ಚಿನತ್ತ ಹೋಗುತ್ತದೆ. ಸಿಮ್ರಾನ್ ಷೆಡ್ಡಿಗೇ ಓಡಿ ಬಂದು ಆ ಒದ್ದೆ ಕೈ ಹಿಡಿಯುತ್ತಾಳೆ. ಭಾನುವಾರದವರೆಗೆ ಕಾಯಲು ಅವಳಿಗೆ ಇನ್ನು ಆಗುವುದಿಲ್ಲ. ಇನ್ನೊಂದು ಕೈಯಲ್ಲಿ ಫೋನೆತ್ತುತ್ತಾಳೆ.

"ಹಲೋ ಮೇಡಂ. ಈ ಸದ್ದು ಕೇಳಿಸ್ತಿದೆಯಾ? ನಮ್ಮ ಮನೇದು. ನನಗೆ ಆಫೀಸ್ ಇಲ್ಲ. ಅವತ್ತು ನಿಮಗೆ ಶರಬತ್ತು ಕೊಟ್ಟರಲ್ಲ, ಅವರು ಕೆಲಸದವರಲ್ಲ. ನಾನು ಸುಳ್ಳು ಹೇಳಿದ್ದೆ."

ಮುಂದಿನ ಪ್ರವಾಸ ಕೈತಪ್ಪಿತೆಂದೇ ಸಿಮ್ರಾನ್ ಕಣ್ಣು ಮುಚ್ಚುತ್ತಾಳೆ. ಆಮೇಲೆ ಮೇಡಂ, "ಅವರಿಗೇ ಫೋನ್ ಕೊಡಮ್ಮ," ಎನ್ನುತ್ತಾರೆ. ಅವಳು ಫೋನನ್ನು ಅಮ್ಮಿಯ ಕಿವಿಗೆ ಹಿಡಿಯುತ್ತಾಳೆ. ಮೋಟಾರು ಓಡುತ್ತಲೇ ಇದೆ, ಅಜೀಜಾರ ಎರಡೂ ಕೈಗಳು ಬಾಣಲೆಯಲ್ಲಿವೆ.

ಸದ್ದನ್ನು ಮೀರಿಸಿ ಅವರು ಗಟ್ಟಿಯಾಗಿ ಹೇಳುತ್ತಾರೆ: "ಹೂಂ ಮೇಡಂ, ನಾನೇ. ಸಿಮ್ರಾನ್ ತಾಯಿ."