ಎರಡು ಬೆಟ್ಟದ ಪಾಪಾಸುಕಳ್ಳಿ

ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿ ಒಂದು ಪಂಚೆ ಒಣಹಾಕಲೂ ಜಾಗವಿಲ್ಲ. ಇದ್ದಬದ್ದ ಜಾಗವನ್ನೆಲ್ಲ ನನ್ನ ಹೆಂಡತಿಯ ಪಾಪಾಸುಕಳ್ಳಿಗಳು ಹಿಡಿದಿವೆ. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು. ಕಟ್ಟಿಕೊಂಡ ಗಂಡನಿಗಿಂತ ಈ ಮುಳ್ಳಿನುಂಡೆಗಳ ಮೇಲೇ ಅವಳಿಗೆ ಅಕ್ಕರೆ ಎಂದು ಆಡಿಕೊಳ್ಳುತ್ತಿದ್ದವನೂ ನಾನೇ, ಮರಳಿನ ಚೀಲ ಮೇಲಕ್ಕೆ ಹೊರುತ್ತಿದ್ದವನೂ ನಾನೇ.

ಅವಳ ತಲೆಯಲ್ಲಿ ಕೂತಿದ್ದು ಒಂದೇ ಪ್ರಶ್ನೆ. ಅರ್ಜೆಂಟೀನಾದ ಎರಡು ಬೆಟ್ಟಸಾಲುಗಳಲ್ಲಿ ಬೆಳೆಯುವ, ನೋಡಲು ಹೆಚ್ಚುಕಡಿಮೆ ಒಂದೇ ತರಹದ ಗುಂಡು ಕಳ್ಳಿಗಳಿಗೆ ಹಿಂದೆ ಎರಡು ಹೆಸರಿದ್ದವು. ಆಮೇಲೆ ತಿಳಿದವರು ಎರಡೂ ಒಂದೇ ಜಾತಿ ಎಂದು ತೀರ್ಮಾನಿಸಿ ಒಂದು ಹೆಸರನ್ನು ಕೈಬಿಟ್ಟರು. ಇವಳು ಅದನ್ನು ಒಪ್ಪಲಿಲ್ಲ. ಎರಡೂ ಬೆಟ್ಟದ ಬೀಜ ತರಿಸಿ, ಒಂದೇ ಮಣ್ಣಿನಲ್ಲಿ, ಒಂದೇ ಬಿಸಿಲಿನಲ್ಲಿ ಬೆಳೆಸಿ, ಹೂವಿನಲ್ಲಿ ಬೀಜದಲ್ಲಿ ವ್ಯತ್ಯಾಸವಿದೆಯೋ ಇಲ್ಲವೋ ನೋಡಿಯೇ ತೀರುತ್ತೇನೆ ಎಂದು ಹೊರಟಳು. ಬೀಜ ಮೊಳೆತು ಹೂ ಬಿಡುವಷ್ಟರಲ್ಲಿ ವರ್ಷಗಳೇ ಕಳೆದವು. ಮೊಸರಿನ ಡಬ್ಬ ಕತ್ತರಿಸಿ ಮಾಡಿದ ಪಟ್ಟಿಯ ಮೇಲೆ, ಯಾವ ಬೆಟ್ಟದ್ದು ಎಂದು ಪೆನ್ಸಿಲಿನಲ್ಲಿ ಬರೆದು ಪ್ರತಿ ಕುಂಡಕ್ಕೂ ಸಿಕ್ಕಿಸಿದ್ದಳು. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ಮಾಸುವುದಿಲ್ಲ. ಪಟ್ಟಿ ಬಿದ್ದುಹೋದರೂ ತಿಳಿಯಲೆಂದು ಕುಂಡಗಳನ್ನು ಬೆಟ್ಟದ ಪ್ರಕಾರ ಬೇರೆ ಬೇರೆ ಸಾಲಿನಲ್ಲಿಟ್ಟಿದ್ದಳು.

ನನ್ನ ಅವ್ವನಿಗೆ ಈ ಗಿಡಗಳನ್ನು ಕಂಡರೆ ಆಗುತ್ತಿರಲಿಲ್ಲ. ಹಳ್ಳಿಯಲ್ಲಿ ಕಳ್ಳಿ ಕಡಿದು ಬೇಲಿಗೆ ಹಾಕಿದವಳು. "ಮುಳ್ಳು ಗಿಡ ಸಾಕುದ್ರೆ ಮನೆ ಉದ್ಧಾರ ಆದದಾ?" ಎಂದು ಗೊಣಗುತ್ತ ತಾರಸಿ ಮೆಟ್ಟಿಲ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಆದರೆ ಒಂದು ಮಳೆಗಾಲದಲ್ಲಿ ಅವಳು ಟೈಫಾಯಿಡ್ ಬಂದು ಮಲಗಿದಾಗ, ಸೊಸೆ ಕಾಲೇಜಿಗೆ ರಜೆ ಹಾಕಿ ಗಂಜಿ ಕುಡಿಸಿ ನೋಡಿಕೊಂಡಳು. ಅಲ್ಲಿಂದ ಅವ್ವ ಮೆತ್ತಗಾದಳು.

ಆ ವರ್ಷ ಬೇಸಿಗೆಯಲ್ಲೇ ಮೊದಲ ಹೂಗಳು ಬಿಟ್ಟಿದ್ದವು. ಇನ್ನೊಂದು ಬೇಸಿಗೆ ಕಳೆದರೆ ಸಂಶೋಧನಾ ಪತ್ರಿಕೆಗೆ ಬರೆದು ಕಳಿಸುತ್ತೇನೆ ಎಂದು ಹೆಂಡತಿ ಹೇಳಿದ್ದಳು. ಆಯುಧಪೂಜೆಯ ದಿನ ಸೇವಂತಿಗೆ, ಬೂದುಗುಂಬಳ ತರಲು ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಬಂದರೆ ಅವ್ವ ತಾರಸಿಯಿಂದ ಕೂಗಿದಳು.

ತಾರಸಿ ತೊಳೆದು ಫಳಫಳ ಅನ್ನುತ್ತಿತ್ತು. ಕುಂಡಗಳನ್ನೆಲ್ಲ ದೊಡ್ಡದು ಹಿಂದೆ, ಚಿಕ್ಕದು ಮುಂದೆ, ಗೊಂಬೆ ಕೂರಿಸಿದ ಹಾಗೆ ಜೋಡಿಸಿದ್ದಳು. ಒಂದೊಂದಕ್ಕೂ ಅರಿಸಿನ ಕುಂಕುಮ. ಪಟ್ಟಿಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಒಬ್ಬೊಬ್ರಿಗೆ ಒಂದೊಂದು ಆಯುಧ. ನಿಂಗೆ ಇವೇ ಕಣವ್ವ," ಎಂದಳು ಅವ್ವ. "ಪಟ್ಟಿ ಎಲ್ಲ ಕೊಳೆ ಇಡ್ಕಂಡಿದ್ದೊ. ಪಾತ್ರೆ ಪುಡಿ ಆಕಿ ಉಜ್ಬುಟ್ಟೆ."

ಹೆಂಡತಿ ಒಂದು ಪಟ್ಟಿ ಕಿತ್ತು ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮುಂಗೈ ಬಿಗಿಯಾಗಿ ಹಿಡಿದಳು.

"ಚೆನ್ನಾಗಿ ಕಾಣ್ತಿದೆ ಅತ್ತೆ," ಎಂದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು ಅವ್ವ. ಬೈಯೋಣವೆಂದರೆ ಆ ಕುಂಕುಮ ಕಣ್ಣಿಗೆ ಕಟ್ಟುತ್ತಿತ್ತು. ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದೆ: "ಇಷ್ಟು ವರ್ಷ ಸಾಕಿದೀಯ. ನೋಡಿದ್ರೆ ಯಾವುದು ಯಾವ ಬೆಟ್ಟದ್ದು ಅಂತ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಅನ್ಸುತ್ತೆ ಕಣ್ರೀ, ಅದೇ ತೊಂದರೆ," ಎಂದಳು. "ಬೇರೆ ತರ ಕಂಡಿದ್ದನ್ನ ನಾನೇ ಬೇರೆ ಸಾಲಿಗಿಟ್ಟು, ಆಮೇಲೆ ನಾನೇ ನೋಡಿ ಇವು ಬೇರೆ ಅಂದ್ರೆ ಯಾರು ನಂಬ್ತಾರೆ? ನಾನೇ ನಂಬಲ್ಲ."

ಮತ್ತೆ ಬೀಜ ತರಿಸು ಎಂದೆ. ಮೊದಲು ಕಳಿಸಿದ ಮುದುಕ ತೀರಿಕೊಂಡಿದ್ದಾನೆ, ಒಂದು ಬೆಟ್ಟದ ಬೀಜ ಈಗ ಯಾರ ಹತ್ತಿರವೂ ಇಲ್ಲ ಎಂದಳು. ಹಾಗೆ ಹೇಳಿ ತೆಂಗಿನಕಾಯಿ ತುರಿಯಲು ಕೂತಳು. ಅವಳು ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ ಟಿವಿಯಲ್ಲಿ ಜಂಬೂಸವಾರಿ ಮುಗಿದ ಮೇಲೆ ಅವ್ವ ತಾನಾಗಿಯೇ ಸೊಸೆಯನ್ನು ತಾರಸಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

"ಇವುಕ್ಕೆ ಎಸ್ರು ಇದ್ದದಂತಲ್ಲ. ಬರಿಯವ್ವ ಮತ್ತೆ, ಪಟ್ಟಿ ಖಾಲಿ ಅವೆ. ನಂಗೂ ಏಳ್ಕೊಡು."

ಹೆಂಡತಿ ಅವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪೆನ್ಸಿಲ್ ತೆಗೆದುಕೊಂಡಳು. ಒಂದು ಕುಂಡಕ್ಕೆ ಒಂದು ಬೆಟ್ಟ, ಇನ್ನೊಂದಕ್ಕೆ ಇನ್ನೊಂದು ಬೆಟ್ಟ ಎಂದು ಕೈಗೆ ಬಂದ ಹಾಗೆ ಬರೆಯುತ್ತ ಹೋದಳು. ಖಾತ್ರಿಯಿಲ್ಲದ ಒಂದಕ್ಷರವನ್ನೂ ಬರೆಯದವಳು ಅವಳು. ಪ್ರತಿಯೊಂದನ್ನೂ ಓದಿ ಹೇಳಿದಳು. ಅವ್ವ ನಾಲಿಗೆ ತಿರುಗದ ಆ ಹೆಸರುಗಳನ್ನು ಒಂದೊಂದಾಗಿ ಅಂದು ನೋಡುತ್ತ, ತಪ್ಪಿದಾಗ ತಾನೇ ನಗುತ್ತಿದ್ದಳು. ಹೆಂಡತಿ ತಾಳ್ಮೆಯಿಂದ ತಿದ್ದುತ್ತಿದ್ದಳು.